ಮೊಳೆ ಮಾವ ಬರೆದ ಬೆಲೆ

ಬಾಯಿ ತುಂಬ ಮೊಳೆ ಇಟ್ಟುಕೊಂಡೇ ಬೀದಿಯವರ ಜೊತೆ ಹರಟೆ ಹೊಡೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಬೂಟು ಹೊಲಿಯುವ ಮಾವನಿಗೆ ಅದು ಸಲೀಸು. ಅದಕ್ಕೇ ಅವನಿಗೆ ಮೊಳೆ ಮಾವ ಎಂಬ ಹೆಸರು ಅಂಟಿಕೊಂಡಿದೆ. ಮೊಳೆ ಬಾಯಲ್ಲಿರುವ ತನಕ ಎಲ್ಲ ಕ್ಷೇಮ. ಅವನ್ನು ಅಂಗೈಗೆ ಉಗುಳಿದನೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಮಾವನದೊಂದು ಪದ್ಧತಿ. ಗಿರಾಕಿಯ ಪಾದದ ಅಳತೆ ತೆಗೆದುಕೊಂಡು, ಬೆಲೆ ಹೇಳಿ, ಅದನ್ನು ಪಾದದ ಆಕಾರದ ಮರದ ಅಚ್ಚಿನ ಅಡಿಗೆ ಸೀಮೆಸುಣ್ಣದಿಂದ ಬರೆದುಬಿಡುವುದು. ಬರೆದ ಮೇಲೆ ಮುಗಿಯಿತು. ತೊಗಲು ತುಟ್ಟಿಯಾಗಲಿ, ದಾರ ತುಟ್ಟಿಯಾಗಲಿ, ಆ ಬೆಲೆ ಮೇಲೇರುವುದಿಲ್ಲ.

ಮಾವನ ಗಿರಾಕಿಗಳಲ್ಲಿ ಒಬ್ಬಳು ದಾದಿ ಕೆಲಸ ಕಲಿತ ಹುಡುಗಿ. ಅವಳ ಒಂದು ಕಾಲು ಇನ್ನೊಂದಕ್ಕಿಂತ ಎರಡು ಬೆರಳಷ್ಟು ಗಿಡ್ಡ. ಆ ಕಾಲಿನ ಬೂಟಿಗೆ ದಪ್ಪ ಅಟ್ಟೆ ಹಾಕಬೇಕು. ಅವಳು ನಡೆದು ಬಂದರೆ ಟಕ್ ಎಂದು ಒಂದು ಹೆಜ್ಜೆ, ಧಪ್ ಎಂದು ಇನ್ನೊಂದು. ಮಾವ ತಲೆ ಎತ್ತದೆಯೇ, "ಬಂದ್ಯಾ ಮಗಳೇ, ಕೂತ್ಕೊ" ಎನ್ನುತ್ತಿದ್ದ.

ಆ ಹುಡುಗಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮುಂದಿನ ತಿಂಗಳ ಮೊದಲ ಸೋಮವಾರದಿಂದ ಹಾಜರಾಗಬೇಕು.

"ದಿನವಿಡೀ ನಿಂತೇ ಇರ್ಬೇಕು ಮಾವ. ಈ ಬೂಟು ಕಲ್ಲು ಕಟ್ಕೊಂಡ ಹಾಗಿದೆ. ಸಂಜೆ ಹೊತ್ತಿಗೆ ಸೊಂಟ ಬಿದ್ದು ಹೋಗುತ್ತೆ. ನನ್ನ ಕೈಲಾಗಲ್ಲ ಅಂದ್ಕೊಂಡು ಕಳಿಸಿಬಿಟ್ರೆ?" ಎಂದಳು.

ಮಾವನ ಹೆಂಡತಿಗೆ ಮೊಬೈಲಿನಲ್ಲಿ ಹುಡುಕುವುದೆಂದರೆ ಎತ್ತಿದ ಕೈ. ಹೊರದೇಶದ ಅಂಗಡಿಯೊಂದರಲ್ಲಿ ಹತ್ತಿಯಷ್ಟು ಹಗುರವಾದ ಅಟ್ಟೆಯ ಹಾಳೆ ಸಿಕ್ಕೇಬಿಟ್ಟಿತು.

"ನೋಡ್ರೀ, ಎಷ್ಟು ಅಗ್ಗ!"

ಮಾವ ನೋಡಿದ, ಹಿಗ್ಗಿದ, ತರಿಸು ಎಂದ, ಅಷ್ಟೇ ಬೇಗ ಅಚ್ಚಿನ ಅಡಿಗೆ ಬೆಲೆ ಬರೆದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಆದರೆ ಅದು ಅವನಿಗೆ ಆಗ ಹೊಳೆಯಲಿಲ್ಲ.

ಹುಡುಗಿ ಕೆಲಸಕ್ಕೆ ಸೇರಲು ನಾಲ್ಕೇ ದಿನ ಉಳಿದಿದ್ದ ಗುರುವಾರ ಪಾರ್ಸೆಲ್ ತರುವವನು ಬಾಗಿಲಿಗೆ ಬಂದ. "ಇದಕ್ಕೆ ಆಮದು ತೆರಿಗೆ ಇದೆ ಯಜಮಾನ್ರೇ, ಜೊತೆಗೆ ಕಂಪನಿಯ ನಿರ್ವಹಣಾ ಶುಲ್ಕ. ಇಷ್ಟು ಕೊಟ್ರೆ ಪೆಟ್ಟಿಗೆ ನಿಮ್ಮದು" ಎಂದು ಚೀಟಿ ತೋರಿಸಿದ.

ಮಾವ ಮೊಳೆ ಉಗುಳಿದ.

"ದುಡ್ಡು ಆಗಲೇ ಕಟ್ಟಿದೀವಿ. ಹೋದ ವರ್ಷ ಸೂಜಿ ತರಿಸಿದಾಗ ಯಾರೂ ಬಿಡಿಗಾಸು ಕೇಳಿರ್ಲಿಲ್ಲ. ಇದೆಂಥ ಹೊಸ ಮೋಸ? ತಗೊಂಡು ಹೋಗಪ್ಪ!"

ಅವನು ಪೆಟ್ಟಿಗೆ ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಹೆಂಡತಿಯ ಮೊಬೈಲಿಗೆ ಒಂದು ಸಂದೇಶ ಬಂತು. "ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ. ಕೂಡಲೇ ಈ ಲಿಂಕ್ ಒತ್ತಿ ತೆರಿಗೆ ಕಟ್ಟಿ."

"ಪಾಪ, ಹುಡುಗಿ ಬೂಟು ರೀ, ಕಟ್ಟಿಬಿಡ್ತೀನಿ" ಎಂದು ಅವಳು ಬೆರಳು ಎತ್ತಿದ್ದೇ ತಡ, ಬಾಗಿಲಲ್ಲಿ ದನಿ ಕೇಳಿತು.

"ಅಯ್ಯೋ ಅಕ್ಕ, ತಡೀರಿ!"

ಮಹಡಿ ಮನೆಯವಳು, ಬೀದಿಗೆಲ್ಲ ತಂಗಿ. ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತೆ. ಕಿತ್ತುಹೋದ ಚಪ್ಪಲಿ ಹಿಡಿದು ಬಂದವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಮೊಬೈಲು ತೆಗೆದುಕೊಂಡಳು.

"ನೀವು ಆರ್ಡರ್ ಮಾಡಿದಾಗ ಕೊಟ್ಟ ಪಾರ್ಸೆಲ್ ನಂಬರ್ ಯಾವ್ದು? ಇಲ್ಲಿದೆ. ಈ ಸಂದೇಶದಲ್ಲಿ ಇರೋ ನಂಬರ್ ಬೇರೇನೇ ಇದೆ. ಇದು ಕಳ್ಳರ ಗಾಳ. ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕ."

"ನಾನು ಹೇಳ್ಲಿಲ್ವಾ ಮೋಸ ಅಂತ!" ಮಾವ ಎದೆ ಉಬ್ಬಿಸಿ, ಬಾಗಿಲಿಗೆ ಬಂದು ತೆರಿಗೆ ಕೇಳಿದವನನ್ನು ಅಟ್ಟಿದ್ದನ್ನೂ ಹೇಳಿದ.

"ಸಂದೇಶ ಮೋಸ ಮಾವ. ಬಾಗಿಲಿಗೆ ಬಂದಿತ್ತಲ್ಲ, ಆ ತೆರಿಗೆ ನಿಜ." ಅವಳು ನಿಜವಾದ ನಂಬರನ್ನು ಕಂಪನಿಯ ಸ್ವಂತ ಪುಟದಲ್ಲಿ ಹಾಕಿ ತೋರಿಸಿದಳು. ಬಾಕಿ ತೆರಿಗೆ ಎಂದು ಅಲ್ಲಿ ಸ್ಪಷ್ಟವಾಗಿತ್ತು.

ಮಾವನ ಎದೆ ಇಳಿಯಿತು. "ಹಾಗಾದ್ರೆ ಸೂಜಿಗೆ ಯಾಕೆ ಕೇಳ್ಲಿಲ್ಲ?"

"ಕೆಲವು ಕಡೆ ಸಣ್ಣ ಬೆಲೆಯ ಪೊಟ್ಟಣಕ್ಕೆ ವಿನಾಯಿತಿ ಇರುತ್ತೆ. ನಿಯಮ ಬದಲಾದ್ರೆ ಅದೂ ಹೋಗುತ್ತೆ. ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯಲ್ಲ. ಇನ್ನೊಂದು ಕೇಳಿ. ಹಾಳೆಗೆ ನೂರು, ಸಾಗಣೆಗೆ ಮೂವತ್ತು ಅಂತಿಟ್ಕೊಳ್ಳಿ. ತೆರಿಗೆ ನೂರರ ಮೇಲೆ ಅಂದ್ಕೋತೀರಿ. ಎಷ್ಟೋ ಕಡೆ ನೂರ ಮೂವತ್ತರ ಮೇಲೆ ಹಾಕ್ತಾರೆ. ಅದರ ಮೇಲೆ ನಿರ್ವಹಣಾ ಶುಲ್ಕ. ವಿದೇಶಿ ಹಣದ ದರ ಏರಿದ್ರೆ ಅದೂ ಸೇರುತ್ತೆ."

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ!" ಎಂದಳು ಹೆಂಡತಿ.

"ಒಂದೊಂದ್ಸಲ ಆಗುತ್ತೆ. ಅದಕ್ಕೇ ಮೊದಲೇ ನೋಡ್ಬೇಕು. ಕೆಲವು ಅಂಗಡಿಯವರು ತೆರಿಗೆ ಸೇರಿಸೇ ಬೆಲೆ ಹೇಳ್ತಾರೆ. 'ತೆರಿಗೆ ಸೇರಿದೆ' ಅಂತ ಬರೆದಿಲ್ಲ ಅಂದ್ರೆ, ಸೇರಿಲ್ಲ ಅಂದ್ಕೊಂಡೇ ಕೇಳಿ."

ಹೆಂಡತಿ ದನಿ ತಗ್ಗಿಸಿದಳು. "ಮುಂದಿನ ಸಲ ಉಡುಗೊರೆ ಅಂತ ಬರೆಸಿ, ಬೆಲೆ ಕಮ್ಮಿ ಹಾಕ್ಸಿದ್ರೆ?"

"ಬೇಡ ಅಕ್ಕ. ಸಿಕ್ಕಿಬಿದ್ರೆ ಮಾಲೂ ಹೋಗ್ಬಹುದು, ದಂಡಾನೂ ಬೀಳ್ಬಹುದು. ದಾರೀಲಿ ಕಳೆದುಹೋಯ್ತು ಅನ್ನಿ, ಪರಿಹಾರ ಕೊಟ್ರೂ ಆ ಸುಳ್ಳು ಬೆಲೆಗೇ ಕೊಡ್ತಾರೆ."

ಸೀಮೆಸುಣ್ಣದ ಬೆಲೆ ಬರೆದ ಅಚ್ಚು ಎದುರಿಗೇ ಇತ್ತು. ಮಾವನಿಗೆ ಅದು ಬಾಯಿಗೆ ಬಿದ್ದ ಬಿಸಿ ತುಪ್ಪವಾಯಿತು.

"ಒರೆಸಿ ಹೊಸ ಬೆಲೆ ಬರೀರಿ. ಹೆಚ್ಚಾದದ್ದು ಅವಳು ಕೊಡ್ಲಿ" ಎಂದಳು ಹೆಂಡತಿ ಮೆಲ್ಲಗೆ.

"ಇನ್ನೂ ಮೊದಲ ಸಂಬಳ ಕಂಡಿಲ್ಲ ಆ ಮಗು. ತೆರಿಗೆ ಎಷ್ಟು ಅಂತ ಕೇಳದೆ ನಾನು ಬರೆದೆ. ನನ್ನ ಅವಸರಕ್ಕೆ ಅವಳ ಸೊಂಟ ಯಾಕೆ ನೋಯ್ಬೇಕು?" ಎಂದ ಮಾವ. ಆಮೇಲೆ ತಂಗಿಯತ್ತ ತಿರುಗಿ ಕೇಳಿದ, "ಪೆಟ್ಟಿಗೆ ವಾಪಸ್ ಹೋಗಿಬಿಟ್ಟಿರುತ್ತಾ?"

"ಇಲ್ಲ, ಒಂದಷ್ಟು ದಿನ ಕಚೇರೀಲಿ ಇಟ್ಟಿರ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಬನ್ನಿ. ದುಡ್ಡು ಕಟ್ಟಿ ರಸೀದಿ ಇಸ್ಕೊಳ್ಳಿ. ವಾಪಸ್ ಹೋಗಿದ್ರೆ ಸಾಗಣೆ ದುಡ್ಡು ಸಿಗೋದು ಕಷ್ಟವಾಗ್ತಿತ್ತು."

ಮರುದಿನ ಕಚೇರಿಯ ಬೀಗ ತೆರೆಯುವ ಮುಂಚೆಯೇ ಮಾವ ಮೆಟ್ಟಿಲ ಮೇಲೆ ಕೂತಿದ್ದ. ತನ್ನ ಕೈಯಿಂದಲೇ ತೆರಿಗೆ ಕಟ್ಟಿದ. ಆ ಬೂಟಿನಲ್ಲಿ ಅವನಿಗೆ ಲಾಭವೇನೂ ಉಳಿಯಲಿಲ್ಲ. ಹಾಳೆ ಕತ್ತರಿಸಿದ, ಅಂಟಿಸಿದ, ಉಜ್ಜಿದ. ಭಾನುವಾರ ಸಂಜೆ ಹುಡುಗಿ ಬರೆದಷ್ಟೇ ಬೆಲೆ ಕೊಟ್ಟು, ಬೂಟನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದಳು. ಹೆಂಡತಿ ಮಾತ್ರ ಸೀಮೆಸುಣ್ಣವನ್ನು ಎತ್ತಿ ತನ್ನ ಡಬ್ಬಿಗೆ ಹಾಕಿಕೊಂಡಳು. "ಪೂರ್ತಿ ಲೆಕ್ಕ ಕೈಗೆ ಬಂದ ಮೇಲೆ ಕೇಳಿ, ಕೊಡ್ತೀನಿ."

ಸೋಮವಾರ ಸಂಜೆ ಮಾವ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದ. ಬೀದಿಯಲ್ಲಿ ಹೆಜ್ಜೆ ಸಪ್ಪಳ ಬಂತು. ಟಕ್, ಟಕ್, ಟಕ್. ಯಾರೋ ಹೊಸ ಗಿರಾಕಿ ಇರಬೇಕು.

"ಏನಾಗ್ಬೇಕಿತ್ತು?" ಎಂದ, ಮೊಳೆಗಳ ಸಂದಿನಿಂದಲೇ.

"ಏನೂ ಬೇಡ ಮಾವ. ಇಡೀ ದಿನ ನಿಂತಿದ್ದೆ, ಸೊಂಟ ನೋಯ್ತಾನೇ ಇಲ್ಲ. ಹೇಳಿ ಹೋಗೋಣ ಅಂತ ಬಂದೆ."

ಮಾವ ತಲೆ ಎತ್ತಿ ನೋಡಿದ. ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದ. ಕಣ್ಣು ತುಂಬಿ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಮೊಳೆ ಮಾವನಿಗೆ ಪಕ್ಕದಲ್ಲೇ ಒಬ್ಬ ತಂಗಿ ಇದ್ದಳು. ನಿಮಗೆ ಈ ಕಥೆ ಇದೆ. ಹೊರದೇಶದ ಅಂಗಡಿಯಿಂದ ಏನಾದರೂ ತರಿಸುವ ಮುಂಚೆ, ತೆರಿಗೆ ಸೇರಿದೆಯೇ, ಸಾಗಣೆ ಎಷ್ಟು, ವಾಪಸ್ ಮಾಡಿದರೆ ದುಡ್ಡು ಬರುತ್ತದೆಯೇ ಎಂದು ವಿಚಾರಿಸಿ. ಸದ್ಯದ ನಿಯಮವನ್ನು ನಿಮ್ಮ ಸುಂಕ ಇಲಾಖೆಯ ಪುಟದಲ್ಲೇ ನೋಡಿ. ಸಂದೇಶದಲ್ಲಿ ಬಂದ ಲಿಂಕ್ ಒತ್ತಿ ದುಡ್ಡು ಕಟ್ಟಬೇಡಿ. ಪಾರ್ಸೆಲ್ ನಂಬರನ್ನು ನೀವೇ ಕಂಪನಿಯ ಪುಟದಲ್ಲಿ ಹಾಕಿ ಪರೀಕ್ಷಿಸಿ. ಯಾರಿಗಾದರೂ ಬೆಲೆ ಹೇಳಬೇಕೇ? ಮಾಲು ಮನೆ ಬಾಗಿಲಿಗೆ ಬರುವ ತನಕದ ಖರ್ಚೆಲ್ಲ ಕೂಡಿಸಿ. ಸೀಮೆಸುಣ್ಣವನ್ನು ಆಮೇಲೆ ಕೈಗೆತ್ತಿಕೊಳ್ಳಿ.