ತಿರುಗಿ ನೋಡದ ಸಾವಿತ್ರಿ

ಜಯನಗರದ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ಸುಧಾಮಣಿಯ ಹತ್ತಿರ ಭುಜದ ನೋವಿಗೆಂದು ವಸಿಷ್ಠ ಎಂಬ ಹಿರಿಯರು ಬರುತ್ತಿದ್ದರು. ‘ಸಂಜೆ ಹೊಸ್ತಿಲು’ ಸಿನಿಮಾದ ನಿರ್ದೇಶಕರು. ಅದರ ಕೊನೆಯಲ್ಲಿ ನಾಯಕಿ ಸಾವಿತ್ರಿ ಗಂಡನ ಮನೆ ಬಿಟ್ಟು ಬೀದಿಯುದ್ದಕ್ಕೂ ನಡೆದು ಹೋಗುತ್ತಾಳೆ. ಒಂದು ಸಲವೂ ತಿರುಗಿ ನೋಡುವುದಿಲ್ಲ. ಆ ದೃಶ್ಯ ಸುಧಾಮಣಿಗೆ ಬಾಯಿಪಾಠವಾಗಿತ್ತು. ಬನಶಂಕರಿಯ ಗಂಡನ ಮನೆಯಿಂದ ಸೂಟ್‌ಕೇಸ್ ಹಿಡಿದು ಹೊರಟ ದಿನ ಅವಳೂ ತಿರುಗಿ ನೋಡಿರಲಿಲ್ಲ. ಇದನ್ನು ಅವರಿಗೆ ಹೇಳಿರಲಿಲ್ಲ. ಪೇಷೆಂಟ್ ಹತ್ತಿರ ಹೇಳುವ ಮಾತಲ್ಲ.

ಕಪ್ಪು-ಬಿಳುಪಿನ ಆ ಹಳೆಯ ಸಿನಿಮಾ ಬಣ್ಣ ತುಂಬಿಕೊಂಡು ಮತ್ತೆ ಬಿಡುಗಡೆಯಾಯಿತು. ಜೆ.ಪಿ. ನಗರದ ಮಾಲ್‌ನಲ್ಲಿ ಮೊದಲ ಶನಿವಾರವೇ ಹೋಗಿ ಕೂತಳು. ಬಣ್ಣವನ್ನು ಸಹಿಸಿಕೊಂಡಳು. ಕೊನೆಯಲ್ಲಿ ಬೀದಿಯ ತಿರುವಿಗೆ ಬಂದ ಸಾವಿತ್ರಿ ನಿಂತಳು, ತಿರುಗಿದಳು, ನಕ್ಕಳು.

ಸೋಮವಾರ ವಸಿಷ್ಠರ ತೋಳನ್ನು ಮೇಲೆತ್ತುತ್ತಾ ಸುಧಾಮಣಿ ಕೇಳಿದಳು: “ಸಾರ್, ಸಾವಿತ್ರಿ ಯಾಕೆ ತಿರುಗಿದ್ಲು?”

“ಕಂಪ್ಯೂಟರ್‌ನಲ್ಲಿ ಮಾಡಿಸ್ದೆ. ಚೆನ್ನಾಗಿ ಬಂದಿಲ್ವಾ?”

“ಕತ್ತು ತಿರುಗುತ್ತೆ, ಭುಜ ತಿರುಗಲ್ಲ. ಹಾಗೆ ತಿರುಗಿದ್ರೆ ನನ್ನ ಹತ್ರ ಬರ್ಬೇಕಾಗುತ್ತೆ.”

ವಸಿಷ್ಠರು ನಗಲಿಲ್ಲ. “ಸಿನಿಮಾ ಬಂದು ಎರಡು ವರ್ಷಕ್ಕೆ ನನ್ನ ಹೆಂಡ್ತಿ ಬಿಟ್ಟು ಹೋದ್ಲು. ಗೇಟ್ ಹತ್ರ ನಿಂತಿದ್ದೆ. ತಿರುಗಿ ನೋಡ್ಲೇ ಇಲ್ಲ. ನಾನೇ ಕಲಿಸಿದ ಹಾಗಿತ್ತು.”

“ಅದಕ್ಕೆ ಸಾವಿತ್ರಿನ ತಿರುಗಿಸಿದ್ರಾ?”

“ನನ್ನ ಸಿನಿಮಾ ಅಲ್ವೇನಮ್ಮಾ?”

“ನಿಮ್ದೇ ಸಾರ್. ಆದ್ರೆ ನಾನು ಅದನ್ನ ನಂಬ್ಕೊಂಡು ಮನೆ ಬಿಟ್ಟು ಬಂದೋಳು.” ಬಾಯಿ ತಪ್ಪಿ ಬಂದಿತ್ತು. ಅವಳು ತೋಳನ್ನು ಕೆಳಗಿಳಿಸಿ, “ಇನ್ನೊಂದು ಸಲ ಎತ್ತಿ,” ಎಂದಳು.

ಮುಂದಿನ ವಾರ ಅವರು ಬರಲಿಲ್ಲ. ಭುಜ ಮತ್ತೆ ಬಿಗಿದುಕೊಳ್ಳುತ್ತದೆಂದು ಅವಳೇ ಫೋನ್ ಮಾಡಿ ಕರೆದಳು. ಬಂದವರು ಮೇಜಿನ ಮೇಲೆ ಮಲಗಿ ಸೀಲಿಂಗ್ ನೋಡುತ್ತಾ ಹೇಳಿದರು: “ಥಿಯೇಟರ್‌ಗೆ ಹೋಗಿದ್ದೆ. ಅವಳು ತಿರುಗಿದಾಗ ಹಿಂದಿನ ಸೀಟಲ್ಲಿ ಒಬ್ಬರು ‘ಅಯ್ಯೋ, ಯಾಕಮ್ಮಾ’ ಅಂದ್ರು. ಪ್ರೊಡ್ಯೂಸರ್‌ಗೆ ಹೇಳ್ದೆ, ಹಳೇದನ್ನೇ ಹಾಕಿ ಅಂತ. ಇನ್ಮೇಲೆ ಇದೇ ಒರಿಜಿನಲ್ ಅಂದ್ಬಿಟ್ರು.”

“ನಮ್ಮನೇಲಿ ಹಳೇ ಸೀಡಿ ಇದೆ ಸಾರ್. ಸೌಂಡ್ ಅಷ್ಟಕ್ಕಷ್ಟೆ.”

ಭಾನುವಾರ ಅವರು ಆಟೋದಲ್ಲಿ ಪುಟ್ಟೇನಹಳ್ಳಿಯ ಅವಳ ಮನೆಗೆ ಬಂದರು. ಸುಧಾಮಣಿ ಅಣ್ಣನ ಮನೆಯಿಂದ ಪ್ಲೇಯರ್ ತಂದಿಟ್ಟಿದ್ದಳು. ಅವಳ ತಾಯಿ ಸಿದ್ದಗಂಗಮ್ಮ ಸೋಫಾದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ಯಾರ ಸಿನಿಮಾ ಎಂದು ಗೊತ್ತಿಲ್ಲದೆ, ಮಧ್ಯದ ಭಾಗ ಸ್ವಲ್ಪ ಎಳೆದಿದ್ದಾರೆ ಎಂದರು. ವಸಿಷ್ಠರು ಒಪ್ಪಿಕೊಂಡರು.

ಕೊನೆಗೆ ಸಾವಿತ್ರಿ ಹೊಸ್ತಿಲು ದಾಟಿದಳು. ಅರ್ಧ ಬೀದಿಯಲ್ಲಿ ಸೀಡಿ ಸಿಕ್ಕಿಕೊಂಡು ಅವಳು ಬೆನ್ನು ತೋರಿಸಿ ನಿಂತುಬಿಟ್ಟಳು. ಸುಧಾಮಣಿ ರಿಮೋಟ್‌ಗೆ ಕೈ ಚಾಚಿದಳು. ವಸಿಷ್ಠರು ಬೇಡವೆಂದು ಸನ್ನೆ ಮಾಡಿದರು. ಮೂವರೂ ಆ ಬೆನ್ನನ್ನು ನೋಡುತ್ತಾ ಕೂತರು.

ಸ್ವಲ್ಪ ಹೊತ್ತಿಗೆ ಚಿತ್ರ ಅಲುಗಾಡಿತು. ಸಾವಿತ್ರಿ ಹೆಜ್ಜೆ ಕಿತ್ತು ತಿರುವಿನಲ್ಲಿ ಮರೆಯಾದಳು.

“ಹೋಗ್ಲಿ ಬಿಡಮ್ಮ,” ಎಂದರು ವಸಿಷ್ಠರು.

ಸುಧಾಮಣಿ ಕಾಫಿಗಿಡಲು ಎದ್ದಳು.