ತೋಕಿಯೆಯ ಮೊಣಕಾಲು

ತೋಕಿಯೆಯ ಬಲ ಮೊಣಕಾಲಿಗೆ ಯಾವ ಕಾಯಿಲೆಯೂ ಇರಲಿಲ್ಲ. ಈ ಸಂಗತಿ ಕುರುಮಿಸಾವಾ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ತೋಕಿಯೆಗೆ ಮತ್ತು ಆ ಮೊಣಕಾಲಿಗೆ. ಎಪ್ಪತ್ತೆಂಟರ ಈ ಮುದುಕಿ ದಿನಾ ಬೆಳಗ್ಗೆ ಎಂಟೂವರೆಗೆಲ್ಲ ಕುಂಟುತ್ತ ಊರಿನ ಆಸ್ಪತ್ರೆಯ ಶಾಖದ ಕೋಣೆಗೆ ಹೋಗಿ, ಕಿಟಕಿ ಪಕ್ಕದ ಕುರ್ಚಿ ಹಿಡಿದು, ನರ್ಸಮ್ಮನ ಕೈಲಿ ಬಿಸಿ ಪಟ್ಟಿ ಕಟ್ಟಿಸಿಕೊಂಡು ಕೂತರೆ ಹನ್ನೊಂದರವರೆಗೆ ಏಳುತ್ತಿರಲಿಲ್ಲ. ಪಕ್ಕದಲ್ಲಿ ಸೊಂಟನೋವಿನ ಫುಸಾ. ಎದುರಿಗೆ ಭುಜನೋವಿನ ಗೆನ್‌ಜಿರೊ, ಊರಿಗೆಲ್ಲ ಐವತ್ತು ವರ್ಷ ಕ್ಷೌರ ಮಾಡಿದವನು. ಜೊತೆಗೆ ಇನ್ನೂ ಮೂವರು ಮುದುಕಿಯರು. ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು, ಊರವರ ಗುಟ್ಟು ಬಾಯಿಂದ ಬಾಯಿಗೆ. ಗಂಡ ಹೋದ ಮೇಲೆ ತೋಕಿಯೆಗೆ ಮಾತಿಗೆ ಇದ್ದ ಜಾಗ ಅದೊಂದೇ. ಮನೆಯಲ್ಲಿ ಅವಳೊಡನೆ ದನಿ ತೆಗೆಯುತ್ತಿದ್ದದ್ದು ಅನ್ನದ ಕುಕ್ಕರ್ ಮಾತ್ರ, ಅದೂ ಅನ್ನ ಬೆಂದಾಗ.

ಹೀಗಿರುವಾಗ ಪುರಸಭೆಯವರಿಗೆ ನಾಳೆಯ ಚಿಂತೆ ಹತ್ತಿತು. ದುಡಿಯುವವರು ಕಡಿಮೆಯಾಗುತ್ತಿದ್ದಾರೆ, ಮುದುಕರು ಮಾತ್ರ ಕಡಿಮೆಯಾಗುವ ಲಕ್ಷಣ ಕಾಣುತ್ತಿಲ್ಲ. ಪಿಂಚಣಿಗೆ, ಔಷಧಿಗೆ ಇನ್ನು ಮುಂದೆ ಯಾರ ಸಂಬಳದಿಂದ ಹಿಡಿಯುವುದು? ಶಾಖದ ಕೋಣೆಗೆ ಬೀಗ ಹಾಕಿ ನರ್ಸಮ್ಮನನ್ನು ಹಾಸಿಗೆ ಹಿಡಿದವರ ಮನೆಗಳಿಗೆ ಕಳಿಸಬೇಕೋ, ಇಲ್ಲಾ ಕೋಣೆ ಉಳಿಸಿ ದುಡಿಯುವವರ ವಿಮೆ ಕಂತು ಏರಿಸಬೇಕೋ, ಊರೇ ಕೂತು ತೀರ್ಮಾನಿಸಲಿ ಎಂದು ಸಭೆ ಕರೆದರು. ಪಕ್ಕದ ಊರಿನ ಪದ್ಧತಿಯಂತೆ ಚೀಟಿ ಎತ್ತಿಸಿದರು. ಹಳದಿ ಚೀಟಿ ಬಂದವರು ಹಳದಿ ಅಂಗಿ ತೊಟ್ಟು, ಇನ್ನು ನಲವತ್ತು ವರ್ಷದ ಮೇಲೆ ಇದೇ ಊರಿನಲ್ಲಿ ಬಾಳುವವರಾಗಿ ಮಾತಾಡಬೇಕು. ಉಳಿದವರು ಈಗಿನವರು.

ತೋಕಿಯೆಗೆ ಬಂದದ್ದು ಹಳದಿ.

"ಅಂಗಿ ತೊಟ್ಮೇಲೆ ನೀವು ನೀವಲ್ಲ ಅಜ್ಜಿ," ಎಂದಳು ಪುರಸಭೆಯ ಹುಡುಗಿ ಅಸಾಹಿನಾ. "ನಲವತ್ತು ವರ್ಷ ಆಚೆಯೋರು."

"ಅಷ್ಟೊತ್ತಿಗೆ ನಾನು ಬೂದಿ ಆಗಿರ್ತೀನಲ್ಲಮ್ಮ."

"ಅದಕ್ಕೇ ಹೇಳಿದ್ದು, ಬೇರೆ ಯಾರಾದ್ರೂ ಆಗಿ."

ತೋಕಿಯೆ ತನ್ನ ಮರಿಮಗಳು ಹಿನಾನೊ ಆದಳು. ಆ ಮಗುವಿಗೆ ಈಗ ಎರಡು ವರ್ಷ, ಆಗ ನಲವತ್ತೆರಡು. ಫುಸಾ ಅವಳ ತೋಳು ಚಿವುಟಿ ಪಿಸುಗುಟ್ಟಿದಳು: "ಒಳ್ಳೇದೇ ಆಯ್ತು ಕಣೆ. ಶಾಖದ ಕೋಣೆ ಉಳಿಸಿದ್ದಕ್ಕೆ ನಾವೆಲ್ಲ ಸುಖವಾಗಿದೀವಿ ಅಂದ್ಬಿಡು. ನಾಳೆಯೋರೇ ಹಾಗಂದ್ರೆ ಇವರ ಬಾಯಿಗೆ ಬೀಗ." ತೋಕಿಯೆಗೂ ಅದೇ ಬೇಕಿತ್ತು. ಆ ಕುರ್ಚಿ ಹೋದರೆ ತನ್ನ ಬೆಳಗೇ ಹೋದಂತೆ.

ಆದರೆ ಈಗಿನವರ ಸಾಲಿನಲ್ಲಿ ಎದುರಿಗೇ ಗೆನ್‌ಜಿರೊ ಕೂತಿದ್ದ. ಕೋಣೆ ಉಳಿಯಬೇಕೆಂಬ ಆಸೆ ಅವನಿಗೂ ಇತ್ತು. ಆದರೆ ತೋಕಿಯೆಯನ್ನು ಕೆಣಕುವ ಅವಕಾಶ ಸಿಕ್ಕರೆ ಬಿಡುವ ಜೀವವಲ್ಲ.

"ಏನಮ್ಮಾ ಹಿನಾನೊ, ಏನ್ ಕೆಲಸ ನಿಂದು?"

"ನರ್ಸು," ಎಂದಳು ತೋಕಿಯೆ ಗತ್ತಿನಿಂದ.

"ಸುಸ್ತಾಗಿರೋ ಹಾಗಿದೆ?"

"ಆಗದೆ ಏನು? ಮೂರು ಜನರ ಕೆಲಸ ಒಬ್ಳೇ ಮಾಡ್ತೀನಿ. ಮನೇಲಿ ಮಗು ಬೇರೆ."

"ಎಷ್ಟು ಜನ ಮುದುಕರನ್ನ ಸಾಕ್ತಿದೀಯ?"

ತೋಕಿಯೆ ಪುರಸಭೆಯವರು ಕೈಗೆ ಕೊಟ್ಟಿದ್ದ ಲೆಕ್ಕದ ಹಾಳೆ ನೋಡಿದಳು. "ಒಬ್ಬರನ್ನ. ಅಯ್ಯೋ, ಪೂರ್ತಿ ಒಬ್ಬರನ್ನ! ಈಗ ಇಬ್ಬರು ಸೇರಿ ಹೊರೋದನ್ನ ಆಗ ನಾನೊಬ್ಳೇ ಹೊರಬೇಕಂತೆ!" ಮಾತಾಡುತ್ತ ಆಡುತ್ತ ಅವಳಿಗೆ ನಿಜವಾಗಿಯೇ ರೇಗತೊಡಗಿತು. ಹಳದಿ ಅಂಗಿ ಮೈಗೆ ಅಂಟಿಕೊಂಡಿತ್ತು.

ಗೆನ್‌ಜಿರೊ ಕಣ್ಣು ಮಿಟುಕಿಸಿದ. "ಪಾಪ. ಅದಿರ್ಲಿ, ನಿಮ್ಮ ಮುತ್ತಜ್ಜಿ ಒಬ್ಳಿದ್ಲಲ್ಲ, ತೋಕಿಯೆ ಅಂತ. ಹನ್ನೊಂದು ವರ್ಷ ಶಾಖ ಕೊಡಿಸ್ಕೊಂಡ್ಲು. ಕೊನೆಗೂ ಮೊಣಕಾಲು ವಾಸಿ ಆಯ್ತಾ?"

"ಎಲ್ಲಿ ವಾಸಿ?" ಹಿನಾನೊ ಸಿಡಿದಳು. "ಕಾಯಿಲೆ ಇದ್ರೆ ತಾನೇ ವಾಸಿ ಆಗೋದು? ಆ ಮುದುಕಿ ಹೋಗ್ತಿದ್ದದ್ದು ಹರಟೆಗೆ! ಅಲ್ಲಿದ್ದೋರೆಲ್ಲ ಹೋಗ್ತಿದ್ದದ್ದೂ ಹರಟೆಗೇ! ಅವರ ಹರಟೆಗೆ ನಾನ್ಯಾಕೆ ದುಡೀಲಿ?"

ಬಾಯಿಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಫುಸಾಳ ಕೈ ಸೊಂಟಕ್ಕೆ ಹೋಯಿತು, ಗೆನ್‌ಜಿರೊನ ಕೈ ಭುಜಕ್ಕೆ. ಮರುಗಳಿಗೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

ಕೋಣೆ ಮುಚ್ಚಬೇಕೆನ್ನುವವರು ಕೈ ಎತ್ತಿ ಅಂದಾಗ ಹಳದಿ ತೋಳುಗಳು ಮೊದಲು ಎದ್ದವು. ತೋಕಿಯೆಯ ತೋಳೂ ಎದ್ದಿತು. ಇಳಿಸಿಕೊಳ್ಳಬಹುದಿತ್ತು. ಆದರೆ ತಲೆಬಾಚಲು ಬಿಡದೆ ಓಡುವ ಆ ಎರಡು ವರ್ಷದ ಪೋರಿಯ ಮುಖ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಕೋಣೆಗೆ ಬೀಗ ಬಿತ್ತು. ನರ್ಸಮ್ಮ ಸೈಕಲ್ ಏರಿ, ಹಾಸಿಗೆ ಹಿಡಿದವರ ಮನೆಗಳಿಗೆ ಹೊರಟಳು. ಮೂರು ದಿನ ಒಂದು ನರಪಿಳ್ಳೆಯೂ ತೋಕಿಯೆಯನ್ನು ಮಾತಾಡಿಸಲಿಲ್ಲ. ಅಂಗಡಿಯಲ್ಲಿ ಎದುರಾದ ಫುಸಾ ತೋಫು ನೋಡುವವಳಂತೆ ಮುಖ ತಿರುಗಿಸಿದಳು. ಮೂರನೆಯ ದಿನ ಅನ್ನ ಬೆಂದು ಕುಕ್ಕರ್ ಹಾಡಿದಾಗ ತೋಕಿಯೆ ಅದಕ್ಕೆ "ಸಾಕು ಸುಮ್ನಿರೇ" ಎಂದು ಗದರಿ, ಕೂತು ಅತ್ತುಬಿಟ್ಟಳು.

ನಾಲ್ಕನೆಯ ದಿನ ಸರಿಯಾಗಿ ಎಂಟೂವರೆಗೆ ಬಾಗಿಲು ಸರಿಯಿತು. ಫುಸಾ ನಿಂತಿದ್ದಳು, ನೆಟ್ಟಗೆ.

"ಸೊಂಟ ಹೇಗಿದೆಯೇ?" ಎಂದಳು ತೋಕಿಯೆ ಅಳುಕುತ್ತ.

"ಸೊಂಟಕ್ಕೇನು ಧಾಡಿ? ಊರಿಗೆಲ್ಲ ಸಾರಿದೀಯಲ್ಲ, ಇನ್ನೆಲ್ಲಿ ನೋಯುತ್ತೆ? ನಿನ್ನ ಕೊತಾತ್ಸು ಬಿಸಿಯಾಗಿದೆಯೋ ಇಲ್ವೋ?"

ಹಿಂದೆಯೇ ಗೆನ್‌ಜಿರೊ, ಭುಜದ ಮೇಲೆ ಕಿತ್ತಳೆ ಪೆಟ್ಟಿಗೆ ಹೊತ್ತು. ಅವನ ಹಿಂದೆ ಉಳಿದ ಮೂವರು. ಕೊತಾತ್ಸುವಿನ ಗಿಡ್ಡ ಮೇಜಿನ ಸುತ್ತ ಎಲ್ಲರೂ ಕೂತರು, ಅದರ ಬಿಸಿ ರಜಾಯಿಯೊಳಗೆ ಹನ್ನೆರಡು ಕಾಲು ತೂರಿದವು. ತೋಕಿಯೆಗೆ ಆದ ಖುಷಿ ಅಷ್ಟಿಷ್ಟಲ್ಲ.

"ಹಿನಾನೊ, ಟೀ!" ಎಂದ ಗೆನ್‌ಜಿರೊ.

"ನಾನ್ಯಾಕೆ ಏಳ್ಲಿ?"

"ಇಲ್ಲಿ ಚಿಕ್ಕೋಳು ನೀನೇ ತಾನೆ? ನಲವತ್ತೆರಡು. ನಾವೆಲ್ಲ ವಯಸ್ಸಾದೋರು. ಮುದುಕರನ್ನ ಸಾಕೋದು ನಿನ್ನ ಪಾಲಿಗೆ ಬಂದಿದ್ದು."

ಅಂದಿನಿಂದ ಅದೇ ನಿಯಮವಾಯಿತು. ನೆಲದಿಂದ ಎದ್ದು ಟೀ, ಕೂತು ಮತ್ತೆ ಎದ್ದು ಬಿಸಿನೀರು, ಮತ್ತೆ ಎದ್ದು ಉಪ್ಪಿನಕಾಯಿ. ಬೆಳಗಿಗೆ ಹತ್ತು ಸಲಕ್ಕೆ ಕಡಿಮೆಯಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ, ಕೆಟಲ್ ಎತ್ತುವಾಗ ಬಲ ಮೊಣಕಾಲು ಲಟ್ಟೆಂದಿತು. ತೋಕಿಯೆ ಒಲೆಯ ಅಂಚು ಹಿಡಿದು ನಿಂತಳು. ನೋವು ಅಂದರೆ ನಿಜವಾದ ನೋವು. ಹೇಳಿದರೆ ನಂಬುವವರು ಯಾರು?

"ಏನೇ ಹಿನಾನೊ, ಕುಂಟ್ತಿದೀಯಾ?" ಒಳಗಿನಿಂದ ಫುಸಾ ಕೂಗಿದಳು.

"ಏನಿಲ್ಲ ಕಣೆ," ಎಂದಳು ತೋಕಿಯೆ ಹಲ್ಲು ಕಚ್ಚಿ ತಟ್ಟೆ ಎತ್ತಿಕೊಳ್ಳುತ್ತ. "ಹಳೇ ಅಭ್ಯಾಸ."