ಸೋಫಾಗೆ ಹಗ್ಗ, ಈಟಿಗೆ ಗರಗಸ

ತನ್ನ ಮಾವನ ಮುತ್ತಾತ ಒಂದೇ ಈಟಿಯಲ್ಲಿ ನೂರು ಕುದುರೆಗಳನ್ನು ತಡೆದು ನಿಲ್ಲಿಸಿದ್ದ ಎಂದು ಅಜ್ಜಿ ಬಡಗಿಯ ಮುಂದೆ ಕೊಚ್ಚಿಕೊಂಡಳು. ಬಡಗಿ ಗರಗಸ ಕೆಳಗಿಟ್ಟು ಕಣ್ಣರಳಿಸಿದಾಗ, ಅರ್ಧ ಸುಳ್ಳು ಎಂದು ತಾನೇ ಒಪ್ಪಿಕೊಂಡಳು. ಕುದುರೆ ಹತ್ತೋ ಹನ್ನೊಂದೋ. ಮುತ್ತಾತನ ಹಿಂದೆ ಮುಂದೆ ಊರಷ್ಟು ಈಟಿಯವರು ಸಾಲುಗಟ್ಟಿ ನಿಂತಿದ್ದರು. ಈಟಿ ಮಾತ್ರ ಇದೇ.

ಆ ಮೂರಾಳುದ್ದದ ಈಟಿ ಹೊಸ ಕಟ್ಟಡದ ಮೆಟ್ಟಿಲ ಬುಡದಲ್ಲಿ ಮಲಗಿತ್ತು. ಅದರ ಮರದ ಕಾವಿನ ಮೇಲೆಯೇ ಅಜ್ಜಿ ಕೂತಿದ್ದಳು. ಹಳೇ ಮನೆಯಲ್ಲಿ ಜಂತಿಗೆ ತೂಗಿಬಿಟ್ಟು ಬಟ್ಟೆ ಒಣಹಾಕುತ್ತಿದ್ದ ಗಳ ಅದು. ಮಗನ ಹೊಸ ಮನೆ ಮೂರನೇ ಮಹಡಿ. ಮೆಟ್ಟಿಲು ತಿರುಗುವ ಕಡೆ ಈಟಿ ತಿರುಗುತ್ತಿರಲಿಲ್ಲ. ಮೊನೆಯ ಕಡೆ ಒಂದು ಮೊಳ ಬಿಟ್ಟು ಉಳಿದದ್ದನ್ನು ಕುಯ್ದುಹಾಕು, ಹಿಂದಿನದು ಬರೀ ಕೋಲು ಎಂದು ಬಡಗಿಗೆ ಹೇಳಿ ಮಗ ಲಾರಿಯ ಕಡೆ ಹೋಗಿದ್ದ.

ಬರೀ ಕೋಲಂತೆ. ಅಜ್ಜಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕಬ್ಬಿಣ ಹುಟ್ಟುವ ಮೊದಲೇ ಕೋಲು ಯುದ್ಧ ಮಾಡಿತ್ತು ಎಂದು ಶುರುಮಾಡಿದಳು. ಮೊದಲು ಕೋಲಿನ ತುದಿಯನ್ನೇ ಬೆಂಕಿಯಲ್ಲಿ ಸುಟ್ಟು ಚೂಪು ಮಾಡಿದರು, ಆಮೇಲೆ ಕಲ್ಲು ಕಟ್ಟಿದರು, ಆಮೇಲೆ ಕಬ್ಬಿಣ. ಸವಾರನನ್ನು ಕೆಳಗೆಳೆಯಲು ಕೊಕ್ಕೆ ಸೇರಿಸಿದರು. ಬಂದೂಕು ಬಂದ ಮೇಲೂ ಅದರ ಬಾಯಿಗೆ ಚೂರಿ ಸಿಕ್ಕಿಸಿ ಮತ್ತೆ ಈಟಿಯನ್ನೇ ಮಾಡಿಕೊಂಡರು. ಕತ್ತಿ ದೊಡ್ಡವರದು, ಹಾಡು ಕಟ್ಟಿದ್ದೂ ಅವರ ಮೇಲೆಯೇ. ಕಾಲಾಳಿಗೆ ದಕ್ಕಿದ್ದು ಒಂದು ಉದ್ದ ಕೋಲು.

"ಉದ್ದ ಇದ್ದಿದ್ದಕ್ಕೇ ಕಣಪ್ಪ ಆ ಮುತ್ತಾತ ಬದುಕಿದ್ದು. ಮೊಳದುದ್ದ ಮಾಡಿ ಕೈಗೆ ಕೊಟ್ರೆ ಏನ್ಮಾಡ್ಲಿ, ಈರುಳ್ಳಿ ಹೆಚ್ಲಾ?"

ಬಡಗಿ ನಗು ನುಂಗಿಕೊಂಡ. ಅಜ್ಜಿ ಬೇಗ ಏಳಬೇಕು, ಆಮೇಲೆ ತಾನು ಸೋಫಾ ಏರಿಸಲು ಕೈಹಾಕಬೇಕು ಎಂದ. ಅದೂ ಮೆಟ್ಟಿಲಲ್ಲಿ ಹಿಡಿಸುವುದಿಲ್ಲವಂತೆ, ಬಾಲ್ಕನಿಯಿಂದ ಹಗ್ಗ ಬಿಟ್ಟು ಎಳೆಯುತ್ತಾರಂತೆ.

ಅಜ್ಜಿ ಕತ್ತೆತ್ತಿ ಮೂರನೇ ಮಹಡಿಯ ಬಾಲ್ಕನಿ ನೋಡಿದಳು.

"ಅದರ ಕಾಲು ಕುಯ್ಯಲ್ವಾ?"

"ಹೊಸದಲ್ವಾ ಅಜ್ಜಿ."

"ಓಹೋ. ಹೊಸದಕ್ಕೆ ಹಗ್ಗ, ಹಳೇದಕ್ಕೆ ಗರಗಸ. ನಾಳೆ ನಾನು ಮೆಟ್ಟಿಲು ಹತ್ತಲಾರೆ ಅಂದ್ರೂ ನಿನ್ನನ್ನೇ ಕರೆಸ್ತಾನೇನೋ."

ಬಡಗಿಯ ನಗು ಇಂಗಿಹೋಯಿತು. ಅಷ್ಟರಲ್ಲಿ ಮಗ ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಗೇಟು ದಾಟಿದ. ಅಜ್ಜಿ ಎದ್ದಳು. ಕಾವಿನ ಬುಡವನ್ನು ಮೊದಲ ಮೆಟ್ಟಿಲ ಮೂಲೆಗೆ ಒತ್ತಿ ಪಾದ ಊರಿದಳು. ಸಾಲಿನಲ್ಲಿ ಹಿಂದಿನವನ ಈಟಿಗೆ ಮುಂದಿನವನ ಹೆಗಲೇ ಆಸರೆ ಎನ್ನುತ್ತಾ ಬಡಗಿಯನ್ನು ಹೆಗಲು ಕೇಳಿದಳು. ಅವನು ಗರಗಸವನ್ನು ಚೀಲಕ್ಕೆ ತುರುಕಿ, ಮುಂದೆ ಹೋಗಿ ಬಗ್ಗಿ ಹೆಗಲು ಕೊಟ್ಟ. ತುಕ್ಕು ಹಿಡಿದ ಮೊನೆ ಮೇಲೆದ್ದು ಮಗನ ಎದೆಯ ನೇರಕ್ಕೆ ಬಂತು. ಅವನು ನಿಂತಲ್ಲೇ ನಿಂತ.

"ಅಮ್ಮ, ಎಲ್ರೂ ನೋಡ್ತಿದಾರೆ," ಎಂದ.

ಅಜ್ಜಿ ಅವನ ಕಡೆ ತಿರುಗಲೂ ಇಲ್ಲ.

"ಕುದುರೆಗಳು ಯಾಕೆ ನಿಂತ್ವು ಅಂತ ತಿಳೀತಾ?" ಎಂದು ಬಡಗಿಯನ್ನು ಕೇಳಿದಳು. "ಈಗ ನೀನೇ ಹೇಳು ನೋಡೋಣ, ಆ ಹಗ್ಗದಲ್ಲಿ ಮೊದಲು ಮೇಲಕ್ಕೆ ಹೋಗೋದು ಯಾವುದು?"